ಮೂವತ್ತೊಂದನೆಯ ಗೂಡು

ಗಂಡುಗಳದ್ದೇನು ಬಿಡು, ಕುರುಡನೂ ಹೇಳಿಯಾನು,
ಅಂದಿದ್ದ ಕೇಟಿಲ್, ಮೊದಲ ವರ್ಷ, ಹುಟ್ಟು ನನ್ನ ಕೈಗಿಟ್ಟು.
ಬೆನ್ನು ಕಾಡಿಗೆಗಪ್ಪು, ನೆತ್ತಿಯಿಂದ ಜೋತ ಜುಟ್ಟು:
ಅದು ಜುಟ್ಟುಬಾತು.
ಬೆನ್ನಿನ ಮೇಲೆ ಯಾರೋ ಜರಡಿ ಹಿಡಿದು ಬೂದಿ ಉದುರಿಸಿದಂತಿದ್ದರೆ
ಡುಗ್‌ಬಾತು. ತಲೆ ಹೊರಳಿಸಿದಾಗ ಹಸಿರು ಮಿಂಚುತ್ತದೆ,
ಹೊರಳಿಸದಿದ್ದರೆ ಇಲ್ಲ.

ಆದರೆ ಗಂಡುಗಳು ನಿಲ್ಲುವುದೆಷ್ಟು ದಿನ?
ಹೆಣ್ಣು ಕಾವಿಗೆ ಕೂತಿದ್ದೇ ತಡ, ಸರೋವರದ ನಡುವಿಗೆ ಸರಿದು
ಗುಂಪು ಕಟ್ಟಿಕೊಂಡು ತೇಲುತ್ತವೆ
ಊಟ ಮುಗಿದ ಬೀಗರಂತೆ.
ದಡದಲ್ಲಿ ಉಳಿಯುವುದು ಬರೀ ಕಂದು.
ಹುಲ್ಲಿನಲ್ಲಿ ಕಂದು, ಲಾವಾ ಬಂಡೆಯ ಸಂದಿಯಲ್ಲಿ ಕಂದು,
ಉಸಿರು ಬಿಗಿಹಿಡಿದ ಕಂದು.

ನಾನು ಕಡಲ ಕಡೆಯವಳು, ಮೀನಿನ ಹೆಸರು ಬಲ್ಲೆ.
ಮೀವತ್ನ್‌ಗೆ, ಈ ನುಸಿನೀರಿಗೆ, ಸೊಸೆಯಾಗಿ ಬಂದಾಗ
ಗಂಡನ ಚಿಕ್ಕಪ್ಪ ಪಾಠ ಹೇಳಿದ.
ಕೊಕ್ಕಿನ ಬುಡದಲ್ಲಿ ಬಿಳಿ ನೋಡು.
ನೋಡಿದೆ. ಎರಡಕ್ಕೂ ಇತ್ತು.
ಡುಗ್‌ಗೆ ಅಗಲ, ಹಾಲು ಕುಡಿದು ಬಾಯೊರೆಸದ ಮಗುವಿನಂತೆ;
ಜುಟ್ಟಿನದಕ್ಕೆ ಕಿರಿದು. ಕೆಲವಕ್ಕೆ ಅದೂ ಅಗಲ.
ಹಾಗಿದ್ದರೆ?
ಹಾಗಿದ್ದರೆ ಕೊಕ್ಕಿನ ತುದಿ ನೋಡು:
ಮಸಿಯಲ್ಲಿ ಅದ್ದಿ ತೆಗೆದಂತಿದ್ದರೆ ಜುಟ್ಟು,
ಒಂದೇ ತೊಟ್ಟು ಮಸಿ ಬಿದ್ದಂತಿದ್ದರೆ ಡುಗ್.
ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿದ್ದರೆ?
ಕಿವಿಯ ಜಾಗ ನೋಡು, ಬೇಸಿಗೆಯಲ್ಲಿ ಡುಗ್‌ಗೆ ಅಲ್ಲೊಂದು ಮಾಸಲು ಮಚ್ಚೆ.
ಮಚ್ಚೆಯೂ ಕಾಣದಿದ್ದರೆ?
ಮನೆಗೆ ಹೋಗಿ ಕಾಫಿ ಕುಡಿ.

ಇದು ಆರನೆಯ ಬೇಸಿಗೆ. ಕೇಟಿಲ್‌ನ ಕಣ್ಣಲ್ಲಿ ಹೊಗೆ.
ಅಕುರೇರಿಯ ವೈದ್ಯರು ಏನೆಂದರೋ, ಅವನು ಹೇಳಿಲ್ಲ;
ದೋಣಿ ಇಳಿಯುವಾಗ ನನ್ನ ಭುಜ ತಡಕುವ ಕೈ ಹೇಳುತ್ತದೆ.
ಆದರೂ ಬರುತ್ತಾನೆ, ಮುಖಕ್ಕೆ ಬಲೆ ಇಳಿಬಿಟ್ಟುಕೊಂಡು,
ರಾತ್ರಿ ಹನ್ನೊಂದರ ಬಿಸಿಲಿಗೆ.
ಮಂಡಿಯೂರಿ ಗೂಡಿಗೆ ಕೈ ಹಾಕಿ
ಮೊಟ್ಟೆಯನ್ನು ಅಂಗೈಯಲ್ಲಿ ತೂಗಿ, ಹೆಬ್ಬೆರಳಿಂದ ಅಗಲ ಅಳೆದು,
"ಜುಟ್ಟು. ಬರಿ."
ಬರೆಯುತ್ತೇನೆ.
"ಡುಗ್. ಹತ್ತಿವೆ. ಮೂರು ತಗೋ."
ಕಟ್ಟಳೆ ಹಳೆಯದು: ತಾಯಿಗೆ ನಾಲ್ಕಾದರೂ ಬಿಡಬೇಕು.
ತುಪ್ಪುಳ ಎಳೆದು ಮತ್ತೆ ಹೊದಿಸುವುದು ನನ್ನ ಕೆಲಸ.
ಅವನು ತಪ್ಪಲೆಂದು ಕಾಯುತ್ತೇನೆ.
ನಾಚಿಕೆಯಾಗುತ್ತದೆ. ಕಾಯುತ್ತೇನೆ.

ಮೂವತ್ತೊಂದು. ಆಂಜೆಲಿಕಾ ಗಿಡದ ಬುಡ.
ಇವಳು ಏಳಲಿಲ್ಲ. ಕೇಟಿಲ್ ಹೊಟ್ಟೆಯಡಿಗೆ ಬೆರಳು ತೂರಿಸಿ
ಕುಟುಕಿಸಿಕೊಂಡು ಒಂದನ್ನು ತೆಗೆದ. "ಜುಟ್ಟು."
ಇನ್ನೊಂದು. ಸುಮ್ಮನಾದ.
ನುಸಿ ಮುತ್ತಿದರೂ ಬಲೆಯೆತ್ತಿ ಕೆನ್ನೆಗೆ ಒತ್ತಿಕೊಂಡ. "ಡುಗ್."
ಜುಟ್ಟು. ಜುಟ್ಟು. ಡುಗ್.
ಟೋಪಿಯಲ್ಲಿ ಐದು.
ನಾನು ಬಗ್ಗಿ ನೋಡಿದೆ: ಮೂರು ತೆಳುಹಸಿರು,
ಎರಡು ದಪ್ಪ, ಪಾಚಿ ಒಣಗಿದ ಬಣ್ಣ.
ಬೆರಳು ತಪ್ಪಿರಲಿಲ್ಲ.
"ಯಾರು ಕೂತಿರೋದು? ನೀನೇ ಹೇಳು," ಅಂದ. "ನಿನಗೆ ಕಣ್ಣಿದೆ."

ಕೊಕ್ಕು ತುಪ್ಪುಳದೊಳಗೆ. ಕಿವಿಯ ಜಾಗಕ್ಕೆ ಎಲೆಯ ನೆರಳು.
ತಲೆ ದುಂಡಗೂ ಹೌದು, ಹಿಂದೆ ಗರಿಯೊಂದು ಎದ್ದದ್ದೂ ಹೌದು,
ಗಾಳಿಗಿರಬಹುದು.
ಹಳದಿ ಕಣ್ಣು ನನ್ನನ್ನೇ ನೋಡುತ್ತಿತ್ತು.
ಎರಡರದ್ದೂ ಹಳದಿಯೇ.

ಪುಸ್ತಕದಲ್ಲಿ ಎರಡೇ ಮನೆ, ನಡುವೆ ಗೆರೆ.
ಗೆರೆಯ ಮೇಲೊಂದು ನುಸಿ ಕೂತಿತು. ಹೆಬ್ಬೆರಳಲ್ಲಿ ಒರೆಸಿದೆ.
ಕಂದು ಕಲೆ ಎರಡೂ ಕಡೆಗೆ ಹರಡಿತು.

"ಬರೆದೆಯಾ?"
"ಬರೆದೆ."
"ಏನಂತ?"
ಕೇಳಿದನೇ ಹೊರತು ಕಾಯಲಿಲ್ಲ;
ಟೋಪಿಯಿಂದ ಒಂದೊಂದಾಗಿ ತೆಗೆದು
ಅವಳಡಿಗೆ ತಳ್ಳುತ್ತಿದ್ದ,
ಕುಟುಕಿಸಿಕೊಳ್ಳುತ್ತ, ಐದನ್ನೂ.